ಟಿ.ಸಿ. ಕೇಳುವ ಮೊದಲೇ ಮಾಡಬೇಕಾದ ಕೆಲಸ

ಓದು ಬಿಡಬೇಕೆಂದಿರುವ ವಿದ್ಯಾರ್ಥಿ ಟಿ.ಸಿ. ಕೇಳಿಕೊಂಡು ಕಚೇರಿಯ ಕಿಟಕಿಯ ಮುಂದೆ ನಿಲ್ಲುವ ಹೊತ್ತಿಗೆ, ಅವನ ಮನಸ್ಸು ಕಾಲೇಜು ಬಿಟ್ಟು ಎಷ್ಟೋ ವಾರಗಳಾಗಿರುತ್ತವೆ. ಅದರ ಗುರುತು ಹಾಜರಿ ಪುಸ್ತಕದಲ್ಲಿ ಆಗಲೇ ಬಿದ್ದಿರುತ್ತದೆ: ಮೊದಲು ಕಿರುಪರೀಕ್ಷೆಯ ದಿನ ಗೈರು, ಆಮೇಲೆ ಪ್ರತಿ ಸೋಮವಾರ ಗೈರು, ಕೊನೆಗೆ ವಾರಗಟ್ಟಲೆ ಗೈರು. ನಾವು ಉಪನ್ಯಾಸಕರು ಆ ಪುಸ್ತಕವನ್ನು ಪರೀಕ್ಷೆಗೆ ಕೂರಲು ಬೇಕಾದ ಶೇಕಡಾ 75ರ ಹಾಜರಿಯ ಲೆಕ್ಕಕ್ಕಾಗಿ ಮಾತ್ರ ತೆರೆಯುತ್ತೇವೆ. ವಾರಕ್ಕೊಮ್ಮೆ, ಹತ್ತು ನಿಮಿಷ, ಯಾರ ಗೈರು ಯಾವ ಬಗೆಯದು ಎಂದು ಓದಿ ನೋಡುವುದೇ ಅಂಥವರನ್ನು ಕಾಲೇಜಿನಲ್ಲಿ ಉಳಿಸಿಕೊಳ್ಳುವ ಕೆಲಸದ ಮೊದಲ ಹೆಜ್ಜೆ.

ಪ್ರಥಮ ಪಿಯುಸಿಯ ಮೊದಲ ಮೂರು ತಿಂಗಳಲ್ಲಿ ವಿಶೇಷ ಎಚ್ಚರ ಬೇಕು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಒಳ್ಳೆಯ ಅಂಕ ಪಡೆದು, ಊರಿನವರಿಂದ ಶಾಲು ಹೊದಿಸಿಕೊಂಡು ಬಂದ ಹುಡುಗಿ ವಿಜ್ಞಾನ ವಿಭಾಗಕ್ಕೆ ಸೇರಿದ ಕೂಡಲೇ ಇಂಗ್ಲಿಷ್ ಪಾಠಗಳ ನಡುವೆ ಮೂಕಿಯಾಗುತ್ತಾಳೆ. ಅವಳ ನೋಟ್ಸ್ ಪುಸ್ತಕ ತೆಗೆದು ನೋಡಿ. ಮೊದಲ ಪುಟಗಳಲ್ಲಿ ಮುತ್ತಿನಂಥ ಅಕ್ಷರ, ಕೆಂಪು ಶಾಯಿಯ ಅಡಿಗೆರೆ. ಹತ್ತು ಪುಟ ದಾಟಿದ ಮೇಲೆ ಅರ್ಧಕ್ಕೆ ನಿಂತ ವಾಕ್ಯಗಳು. ಆಮೇಲೆ ಬರಿಯ ತಾರೀಕು. ವೇಗ ಅಥವಾ ಜಡತ್ವ ಎಂದರೇನು ಎಂದು ಕನ್ನಡದಲ್ಲಿ ಕೇಳಿದರೆ ಅವಳು ಥಟ್ಟನೆ ಹೇಳಬಲ್ಲಳು, ಆದರೆ ಅದು ತನಗೆ ತಿಳಿದಿದೆ ಎಂಬುದನ್ನೇ ಅವಳು ಮರೆತಿರುತ್ತಾಳೆ. ಇಂಥವರಿಗೆ ಆಪ್ತಸಲಹೆಗಿಂತ ಮೊದಲು ಬೇಕಾಗಿರುವುದು ದಿನಕ್ಕೆ ಇಪ್ಪತ್ತು ಪಾರಿಭಾಷಿಕ ಪದಗಳ ಕನ್ನಡ ಅರ್ಥ ಮತ್ತು ತರಗತಿಯಲ್ಲಿ ಕನ್ನಡದಲ್ಲೇ ಪ್ರಶ್ನೆ ಕೇಳುವ ಅನುಮತಿ. ವಿಭಾಗವೇ ಒಗ್ಗದಿದ್ದರೆ ಅದನ್ನು ಬದಲಾಯಿಸಲು ಅವಕಾಶವಿದೆಯೇ, ಕೊನೆಯ ದಿನಾಂಕ ಯಾವುದು ಎಂದು ಕಚೇರಿಯಲ್ಲಿ ನೀವೇ ವಿಚಾರಿಸಿ ತಿಳಿಸಿ. ಬಹಳಷ್ಟು ಮಕ್ಕಳಿಗೆ ಅಂಥದ್ದೊಂದು ದಾರಿ ಇರಬಹುದೆಂಬುದೇ ಗೊತ್ತಿರುವುದಿಲ್ಲ.

ಮಾತನಾಡಿಸುವಾಗ ಸ್ಟಾಫ್ ರೂಮಿಗೆ ಕರೆಸಬೇಡಿ. ಆರು ಜನ ಸಹೋದ್ಯೋಗಿಗಳ ಎದುರು ಯಾವ ಹುಡುಗನೂ ಬಾಯಿ ಬಿಡುವುದಿಲ್ಲ. ಪ್ರಯೋಗಾಲಯ ಖಾಲಿಯಾದ ಮೇಲೆ ಅಥವಾ ಸಂಜೆಯ ಬಸ್ಸಿಗೆ ಕಾಯುವ ಹೊತ್ತಿನಲ್ಲಿ, "ಯಾಕೆ ಬರಲಿಲ್ಲ?" ಎನ್ನುವ ಬದಲು "ಮೂರು ದಿನ ಕಾಣಲಿಲ್ಲವಲ್ಲಪ್ಪಾ, ಊಟ ನಿದ್ದೆ ಸರಿಯಾಗಿದೆಯಾ?" ಎಂದು ಕೇಳಿ ಸುಮ್ಮನಿರಿ. "ಏನಿಲ್ಲ ಸರ್" ಎಂಬುದು ಮೊದಲ ಉತ್ತರ. ಅದು ನಿಜವಾದ ಉತ್ತರವೆಂದು ತಿಳಿದು ಎದ್ದು ಹೋಗಬಾರದು. "ನಮ್ಮ ಕಾಲದಲ್ಲಿ ಬೀದಿ ದೀಪದಲ್ಲಿ ಓದುತ್ತಿದ್ದೆವು" ಎಂಬ ಬುದ್ಧಿವಾದಕ್ಕೆ ಇದು ಸಮಯವಲ್ಲ, ಅದಕ್ಕೆ ಸಮಯ ಬರುವುದೂ ಅನುಮಾನ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಲೂಬೇಡಿ. ಜೀವಕ್ಕೆ ಅಪಾಯವಿದ್ದರೆ ಆ ಮಾತನ್ನು ನೀವು ಮುರಿಯಲೇಬೇಕಾಗುತ್ತದೆ.

ಬೇಸರ ಯಾರಿಗೂ ತಪ್ಪಿದ್ದಲ್ಲ. ಆದರೆ ಎರಡು ವಾರಕ್ಕಿಂತ ಹೆಚ್ಚು ಕಾಲ ನಿದ್ದೆ ಕೆಟ್ಟು, ಊಟ ಸೇರದೆ, ಇಷ್ಟಪಟ್ಟು ಆಡುತ್ತಿದ್ದ ಕಬಡ್ಡಿಯೂ ಬೇಡವಾಗಿದ್ದರೆ ಅದು ವೈದ್ಯರು ನೋಡಬೇಕಾದ ವಿಷಯ. ಬದುಕಿದ್ದೇನು ಪ್ರಯೋಜನ ಎಂಬರ್ಥದ ಮಾತು ಬಂದರೆ, ಸಾಯಬೇಕೆಂಬ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ತಿಳಿವಳಿಕೆ. ಹೌದು ಎಂದರೆ ಅವರನ್ನು ಒಂಟಿಯಾಗಿ ಬಿಡದೆ ಮನೆಯವರನ್ನು ಕರೆಸಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.

2022ರ ಅಕ್ಟೋಬರ್ 10ರಂದು ಆರಂಭವಾದ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ದಿನದ 24 ಗಂಟೆಯೂ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಿಗೆ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರಗಳಂದು ಬರುತ್ತಾರೆ. ನಿಮ್ಮ ತಾಲ್ಲೂಕಿನ ಸರದಿ ಯಾವುದೆಂದು ಮೊದಲೇ ಕೇಳಿಟ್ಟುಕೊಳ್ಳಿ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹ ಆಪ್ತಸಲಹೆಗಾರರೊಬ್ಬರಾದರೂ ಇರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ನಿರ್ದೇಶನ ನೀಡಿದೆ. ನಿಮ್ಮ ಕಾಲೇಜಿನಲ್ಲಿ ಇಲ್ಲದಿದ್ದರೆ ಪ್ರಾಂಶುಪಾಲರಿಗೆ ಬರೆಯುವ ಪತ್ರದಲ್ಲಿ ಈ ನಿರ್ದೇಶನವನ್ನು ಉಲ್ಲೇಖಿಸಬಹುದು.

ಪೋಷಕರೊಂದಿಗೆ ಮಾತು ನಾಜೂಕಾಗಿರಲಿ. ಮನೋವೈದ್ಯರು ಎಂದೊಡನೆ ಅವರ ಕಿವಿಗೆ ಹುಚ್ಚು ಎಂದೇ ಕೇಳಿಸುತ್ತದೆ. "ಹುಡುಗಿಗೆ ಹದಿನೈದು ದಿನದಿಂದ ನಿದ್ದೆ ಇಲ್ಲವಂತೆ ಅಮ್ಮಾ, ಒಮ್ಮೆ ಡಾಕ್ಟರಿಗೆ ತೋರಿಸಿ" ಎಂದರೆ ತಾಯಿ ಮರುದಿನವೇ ಹೊರಡುತ್ತಾರೆ. ದೇವರಿಗೆ ಹರಕೆ ಹೊತ್ತಿದ್ದೇವೆ ಎಂದರೆ ವಾದಕ್ಕಿಳಿಯದೆ, ಹರಕೆಯೂ ಇರಲಿ, ಔಷಧಿಯೂ ಇರಲಿ ಎನ್ನಿ. ತೊಂದರೆ ಶುಲ್ಕದ್ದಾದರೆ ವಿದ್ಯಾರ್ಥಿವೇತನದ ಅರ್ಜಿ ಎಲ್ಲಿ ನಿಂತಿದೆ ಎಂದು ನೋಡಿ. ಹದಿನೆಂಟು ತುಂಬದ ಹುಡುಗಿಗೆ ಮದುವೆಯ ಸಿದ್ಧತೆ ನಡೆದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಚಿಕಿತ್ಸೆ ಪಡೆದ ವಿದ್ಯಾರ್ಥಿ ಮರಳಿ ಬರುವ ಮೊದಲ ದಿನವನ್ನು ನಾವು ಕಡೆಗಣಿಸುತ್ತೇವೆ, ಅಲ್ಲೇ ಎಷ್ಟೋ ಶ್ರಮ ಮಣ್ಣುಪಾಲಾಗುತ್ತದೆ. ಬಾಗಿಲಲ್ಲಿ ನಿಲ್ಲಿಸಿ "ಏನಪ್ಪಾ, ಈಗ ನೆನಪಾಯಿತಾ ಕಾಲೇಜು?" ಎಂದರೆ ಮರುದಿನ ಆ ಬೆಂಚು ಮತ್ತೆ ಖಾಲಿ. ಹಿಂದಿನ ದಿನವೇ ಗೆಳೆಯನೊಬ್ಬನಿಗೆ ಹೇಳಿ ತಪ್ಪಿದ ಪಾಠಗಳ ನೋಟ್ಸಿನ ಜೆರಾಕ್ಸ್ ತೆಗೆಸಿಡಿ, ಆ ಗೆಳೆಯನ ಪಕ್ಕದಲ್ಲೇ ಜಾಗ ಇರಿಸಿ, ಹಾಜರಿ ಕರೆಯುವಾಗ ಉಳಿದವರ ಹೆಸರಿನಷ್ಟೇ ಸಹಜವಾಗಿ ಆ ಹೆಸರನ್ನೂ ಕರೆದು ಪಾಠ ಮುಂದುವರಿಸಿ.