ಸಣ್ಣ ಸಾಕ್ಷ್ಯಚಿತ್ರ: ತೆಗೆಯುವ ಮುನ್ನ ತೋರಿಸುವ ಜಾಗ ಗೊತ್ತಿರಲಿ

ಸಾಕ್ಷ್ಯಚಿತ್ರ ಮಾಡಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು ಯಾವ ಕ್ಯಾಮೆರಾ ಕೊಳ್ಳಬೇಕೆಂದು. ಆ ಪ್ರಶ್ನೆಗೆ ಆಮೇಲೆ ಬರೋಣ. ಸಂಬಳದ ಕೆಲಸದ ನಡುವೆ, ಇಬ್ಬರು ಮೂವರು ಗೆಳೆಯರ ನೆರವಿನಲ್ಲಿ ಚಿತ್ರ ಮಾಡುವವರು ಮೊದಲು ತೀರ್ಮಾನಿಸಬೇಕಾದದ್ದು ಇದನ್ನು ಯಾವ ಊರಿನಲ್ಲಿ, ಯಾರ ಮುಂದೆ, ಯಾವ ಗೋಡೆಯ ಮೇಲೆ ತೋರಿಸುತ್ತೇವೆ ಎಂಬುದನ್ನು. ಚಿತ್ರದ ಉದ್ದ, ಭಾಷೆ, ಖರ್ಚು, ಕೊನೆಗೆ ಕ್ಯಾಮೆರಾ ಕೂಡ ಆ ಉತ್ತರದಿಂದಲೇ ಹೊರಡುತ್ತವೆ.

ನಾನು ಕೆಲಸ ಮಾಡಿದ ವಿಷಯವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಕೋಲಾರ ಸೀಮೆಯ ಕೆರೆಗಳಲ್ಲಿ ನೀರುಗಂಟಿ ಎಂಬವನಿರುತ್ತಿದ್ದ. ಕೆರೆಯ ನೀರು ಹೊರಬಿಡುವ ಕಿಂಡಿಯಾದ ತೂಬು ಎತ್ತಿ, ಅಚ್ಚುಕಟ್ಟಿನ, ಅಂದರೆ ಆ ನೀರು ಉಣ್ಣುವ, ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸಿ, ಸುಗ್ಗಿಯಲ್ಲಿ ಕಣದಿಂದ ತನ್ನ ಪಾಲಿನ ಧಾನ್ಯ ಪಡೆಯುವುದು ಅವನ ವೃತ್ತಿ. ಈ ಚಿತ್ರವನ್ನು ಆ ಊರಿನವರಿಗೇ ತೋರಿಸುವುದಾದರೆ ತುಂಬಿದ ಕೆರೆಯ ಹೆಚ್ಚಿನ ನೀರು ಹರಿದುಹೋಗುವ ಕೋಡಿ ಯಾವುದು, ಕೆರೆಯ ಕಟ್ಟೆಯಾದ ಏರಿ ಯಾವುದು ಎಂದು ವಿವರಿಸುವ ಅಗತ್ಯವಿಲ್ಲ. ಆದರೆ ಒಂದು ಮನೆತನದ ಹೆಸರನ್ನು ತಪ್ಪಾಗಿ ಹೇಳಿದರೂ ಅವರು ಕ್ಷಮಿಸುವುದಿಲ್ಲ. ಬೆಂಗಳೂರಿನ ಪ್ರೇಕ್ಷಕರಿಗಾದರೆ ತೂಬಿನಿಂದಲೇ ಆರಂಭಿಸಬೇಕು. ಇಬ್ಬರಿಗೂ ಒಪ್ಪುವಂತೆ ಮಾಡಲು ಹೋದ ಚಿತ್ರ ಸಾಮಾನ್ಯವಾಗಿ ಹಿನ್ನೆಲೆ ದನಿಯ ಉಪನ್ಯಾಸವಾಗಿ ಮುಗಿಯುತ್ತದೆ. ಆದ್ದರಿಂದ ಮೊದಲು ಊರಿಗಾಗಿ ಮಾಡಿ, ಹೊರಗಿನವರಿಗೆ ಬೇಕಾದದ್ದನ್ನು ಸಬ್‌ಟೈಟಲ್‌ನಲ್ಲಿ ಸೇರಿಸಿ.

ವಿಷಯವನ್ನು ಎಷ್ಟು ಸಾಧ್ಯವೋ ಅಷ್ಟು ಕಿರಿದುಗೊಳಿಸುವುದು ಎರಡನೆಯ ಕೆಲಸ. ‘ಕೋಲಾರದ ಕೆರೆಗಳು’ ಎಂದು ಹೊರಟರೆ 2018ರಿಂದ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆಯಲ್ಲಿ ಬರುತ್ತಿರುವ ಬೆಂಗಳೂರಿನ ಸಂಸ್ಕರಿತ ನೀರು, ಕೊಳವೆಬಾವಿಗಳ ಆಳ, ಜಾಲಿ, ಒತ್ತುವರಿ ಎಲ್ಲವೂ ಒಳಗೆ ನುಗ್ಗುತ್ತವೆ. ಒಬ್ಬ ನೀರುಗಂಟಿ, ಒಂದು ಕೆರೆ, ಒಂದು ಮಳೆಗಾಲದಿಂದ ಒಕ್ಕಣೆಯವರೆಗಿನ ಅವಧಿ ಎಂದು ಗೆರೆ ಎಳೆದುಕೊಂಡರೆ ಅವೆಲ್ಲ ಬರಬೇಕಾದಾಗ ಅವನ ಮಾತಿನಲ್ಲೇ ಬರುತ್ತವೆ. ಋತುವಿಗೆ ಕಟ್ಟುಬಿದ್ದ ವಿಷಯವಾದರೆ ಪ್ರವಾಸಗಳ ಲೆಕ್ಕವೂ ಸುಲಭ: ಕೆರೆ ತುಂಬುವಾಗ, ನಾಟಿಯಲ್ಲಿ, ಒಕ್ಕಣೆಯಲ್ಲಿ, ಬೇಸಿಗೆಯಲ್ಲಿ ಒಮ್ಮೊಮ್ಮೆ ಹೋಗಿಬಂದರೆ ಚಿತ್ರದ ಬೆನ್ನೆಲುಬು ಸಿಕ್ಕಿತೆಂದೇ ಲೆಕ್ಕ.

ಮೊದಲ ಎರಡು ಭೇಟಿಗಳಿಗೆ ಕ್ಯಾಮೆರಾ ಒಯ್ಯಬೇಡಿ. ಒಪ್ಪಿಗೆಯನ್ನು ಕನ್ನಡದಲ್ಲಿ, ಅವರಿಗೆ ಅರ್ಥವಾಗುವ ಮಾತಿನಲ್ಲಿ ಕೇಳಿ, ಬರೆಸಿಕೊಳ್ಳುವುದರ ಜೊತೆಗೆ ಕ್ಯಾಮೆರಾದ ಮುಂದೆಯೂ ಹೇಳಿಸಿ. ಚಿತ್ರ ಯೂಟ್ಯೂಬಿಗೆ ಹೋಗುವುದಿದ್ದರೆ ಅದನ್ನೂ ಸ್ಪಷ್ಟವಾಗಿ ತಿಳಿಸಿ. ನೀರುಗಂಟಿಕೆಯಂತಹ ವೃತ್ತಿಗಳು ಜಾತಿಯೊಡನೆ ಹೆಣೆದುಕೊಂಡಿರುವುದರಿಂದ, ಅವನು ಏರಿಯ ಮೇಲೆ ನಿಂತು ನಿಮ್ಮೊಬ್ಬರಿಗೆ ಹೇಳಿದ ಮಾತು ನಾಳೆ ಊರಿನ ನಡುವೆ ಪರದೆಯ ಮೇಲೆ ಬಂದಾಗ ಏನಾಗಬಹುದೆಂದು ಅವನೊಡನೆಯೇ ಕುಳಿತು ಮಾತನಾಡಬೇಕು. ನೀವು ಬಸ್ಸು ಹತ್ತಿದ ಮೇಲೂ ಅವನು ಆ ಊರಿನಲ್ಲೇ ಇರಬೇಕಾದವನು. ಇನ್ನು ಸರ್ಕಾರಿ ಅನುಮತಿಗಳು: ರಕ್ಷಿತ ಸ್ಮಾರಕಗಳಿಗೆ ಪುರಾತತ್ವ ಇಲಾಖೆಯ, ಕಾಡಿಗೆ ಅರಣ್ಯ ಇಲಾಖೆಯ ಅನುಮತಿಯನ್ನು ಮುಂಚಿತವಾಗಿ ಪಡೆಯಬೇಕು. ಡ್ರೋನ್ ಹಾರಿಸುವುದಾದರೆ 2021ರ ಡ್ರೋನ್ ನಿಯಮಗಳನ್ನೂ ಎಲ್ಲಿ ಹಾರಿಸಬಹುದೆಂದು ತೋರಿಸುವ ಡಿಜಿಟಲ್ ಸ್ಕೈ ನಕ್ಷೆಯನ್ನೂ ನೋಡಿಕೊಳ್ಳಿ. ಕೆರೆಯನ್ನು ಆಕಾಶದಿಂದ ತೋರಿಸುವ ಚಟ ಎಲ್ಲರಿಗೂ ಅಂಟಿದೆ. ಏರಿಯ ಮೇಲೆ ನಡೆದು ಹೋಗುವವನ ಕಣ್ಣಿಗೆ ಕೆರೆ ಹೇಗೆ ಕಾಣುತ್ತದೆಂಬುದು ನನಗೆ ಹೆಚ್ಚು ಮುಖ್ಯ.

ಈಗ ಕ್ಯಾಮೆರಾ. ಕೈಯಲ್ಲಿರುವ ಒಳ್ಳೆಯ ಫೋನ್ ಸಾಕು. ಟ್ರೈಪಾಡ್ ಮಾತ್ರ ಗಟ್ಟಿಯಾಗಿರಲಿ. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್ ಆಗಿರುವುದರಿಂದ ಸೆಕೆಂಡಿಗೆ 25 ಫ್ರೇಮ್, ಷಟರ್ ವೇಗ 1/50 ಸೆಕೆಂಡ್ ಎಂದು ಇಟ್ಟುಕೊಂಡರೆ ಟ್ಯೂಬ್‌ಲೈಟಿನ ಮಿಣುಕು ಕಾಣಿಸುವುದಿಲ್ಲ. ಫೋನಿನ ಸಾಮಾನ್ಯ ಕ್ಯಾಮೆರಾ ಆ್ಯಪ್‌ಗಳು ಫ್ರೇಮ್ ವೇಗವನ್ನು ಚೂರುಪಾರು ಬದಲಿಸುತ್ತಿರುತ್ತವೆ. ಆಗ ಪ್ರತ್ಯೇಕ ರೆಕಾರ್ಡರಿನಲ್ಲಿ ಹಿಡಿದ ದನಿ ಹತ್ತು ನಿಮಿಷ ಕಳೆಯುವಷ್ಟರಲ್ಲಿ ತುಟಿಯಿಂದ ದೂರ ಸರಿದಿರುತ್ತದೆ. ವೇಗವನ್ನು ಸ್ಥಿರವಾಗಿಡುವ ಆ್ಯಪ್ ಬಳಸಿ, ಇಲ್ಲವೇ ಸಂಕಲನಕ್ಕೆ ಮುನ್ನ ಹ್ಯಾಂಡ್‌ಬ್ರೇಕ್‌ನಂತಹ ತಂತ್ರಾಂಶದಲ್ಲಿ ಪರಿವರ್ತಿಸಿಕೊಳ್ಳಿ.

ದನಿಯ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಚಿತ್ರ ಸ್ವಲ್ಪ ಮಸುಕಾಗಿದ್ದರೆ ಪ್ರೇಕ್ಷಕರು ಸಹಿಸುತ್ತಾರೆ. ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಒಂದು ಕಾಲರ್ ಮೈಕ್, ಒಂದು ಸಣ್ಣ ರೆಕಾರ್ಡರ್, ಕಿವಿ ಮುಚ್ಚುವ ಹೆಡ್‌ಫೋನ್ ಇವಿಷ್ಟು ಬೇಕೇ ಬೇಕು. 48 ಕಿಲೋಹರ್ಟ್ಸ್, 24 ಬಿಟ್ ಎಂದು ಇಟ್ಟುಕೊಂಡು, ಜೋರು ಮಾತು ರೆಕಾರ್ಡರಿನ ಮಾಪಕದಲ್ಲಿ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿ ನಿಲ್ಲುವಂತೆ ಹೊಂದಿಸಿ. ನಮ್ಮ ಮೊದಲ ಸಂದರ್ಶನದಲ್ಲಿ ಹಿರಿಯ ನೀರುಗಂಟಿಯೊಬ್ಬರು ನೀರಿಗಿಳಿದು ತೂಬಿನ ಬಿರಡೆ ಎತ್ತುವ ಬಗೆಯನ್ನು ಎರಡೂ ಕೈಗಳಿಂದ ಅಭಿನಯಿಸಿ ತೋರಿಸಿದರು. ನಲವತ್ತು ನಿಮಿಷ ಮಾತನಾಡಿದರು. ನಾನು ಹೆಡ್‌ಫೋನನ್ನು ಕುತ್ತಿಗೆಗೆ ನೇತುಹಾಕಿಕೊಂಡು ಅವರ ಮುಖವನ್ನೇ ನೋಡುತ್ತ ಕುಳಿತಿದ್ದೆ. ರಾತ್ರಿ ಕೇಳಿದರೆ, ಅವರು ಕೈ ಎತ್ತಿದಾಗಲೆಲ್ಲ ಹೆಗಲ ಮೇಲಿನ ಟವೆಲ್ ಮೈಕಿಗೆ ಉಜ್ಜಿ, ಅತ್ಯುತ್ತಮ ವಾಕ್ಯಗಳೆಲ್ಲ ಬರೀ ಗರಗರ ಸದ್ದಾಗಿದ್ದವು. ಮುಂದಿನ ತಿಂಗಳು ಮತ್ತೆ ಕೇಳಿದಾಗ, “ಆವತ್ತೇ ಹೇಳಿದ್ನಲ್ಲ ಸಾರ್,” ಎಂದು ಆರು ನಿಮಿಷದಲ್ಲಿ ಮುಗಿಸಿಬಿಟ್ಟರು. ಟವೆಲ್, ಸೆರಗು, ಮಾಂಗಲ್ಯದ ಸರ ಇವುಗಳಿಂದ ದೂರದಲ್ಲಿ ಮೈಕ್ ಸಿಕ್ಕಿಸಿ. ಮಾತು ಮುಗಿದ ಮೇಲೆ ಎಲ್ಲರನ್ನೂ ಒಂದು ನಿಮಿಷ ಸುಮ್ಮನೆ ಕೂರಿಸಿ ಆ ಜಾಗದ ಮೌನವನ್ನೂ ಹಿಡಿದುಕೊಳ್ಳಿ. ಸಂಕಲನದಲ್ಲಿ ಎರಡು ಮಾತುಗಳ ನಡುವಿನ ಬಿರುಕನ್ನು ಮುಚ್ಚಲು ಅದೇ ಬೇಕಾಗುತ್ತದೆ. ಪಕ್ಕದಲ್ಲಿ ಎಲ್ಲಾದರೂ ಪಂಪ್‌ಸೆಟ್ ಓಡುತ್ತಿದ್ದರೆ ಕರೆಂಟು ಹೋಗುವವರೆಗೆ ಕಾಯಿರಿ. ಹಳ್ಳಿಯಲ್ಲಿ ಅದಕ್ಕೆ ಬಹಳ ಹೊತ್ತು ಬೇಕಾಗುವುದಿಲ್ಲ.

ಸೆಕೆಂಡಿಗೆ 50 ಮೆಗಾಬಿಟ್ ವೇಗದಲ್ಲಿ ಹಿಡಿದ ಒಂದು ಗಂಟೆಯ ಫುಟೇಜಿಗೆ ಸುಮಾರು 22 ಜಿಬಿ ಜಾಗ ಬೇಕು. ದಿನದ ಕೊನೆಗೆ ಎರಡು ಹಾರ್ಡ್ ಡಿಸ್ಕಿಗೆ ನಕಲಿಸಿ, ಎರಡನ್ನೂ ಬೇರೆ ಬೇರೆ ಚೀಲದಲ್ಲಿಡಿ. ಅಲ್ಲಿಯವರೆಗೆ ಕಾರ್ಡನ್ನು ಅಳಿಸಬಾರದು. ಸಂಕಲನಕ್ಕೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಸಾಕು. ಆದರೆ ತಂತ್ರಾಂಶ ತೆರೆಯುವ ಮೊದಲು ಎಲ್ಲ ಸಂದರ್ಶನಗಳನ್ನೂ ಕಾಗದಕ್ಕೆ ಇಳಿಸಿ, ಬೇಕಾದ ವಾಕ್ಯಗಳಿಗೆ ಅಡಿಗೆರೆ ಹಾಕಿ, ನೆಲದ ಮೇಲೆ ಹರಡಿ ಜೋಡಿಸಿ ನೋಡಿ. ಬೇಸರದ ಕೆಲಸ ನಿಜ, ಆದರೂ ತಿಂಗಳುಗಟ್ಟಲೆ ಟೈಮ್‌ಲೈನಿನಲ್ಲಿ ಅಲೆಯುವುದು ತಪ್ಪುತ್ತದೆ.

ಕನ್ನಡ ಅಕ್ಷರಗಳನ್ನು ಪರದೆಗೆ ತರುವಾಗ ಯೂನಿಕೋಡನ್ನೇ ಬಳಸಿ. ಕೆಲವು ಸಂಕಲನ ತಂತ್ರಾಂಶಗಳಲ್ಲಿ ಒತ್ತಕ್ಷರಗಳು ಒಡೆದು, ‘ಅಚ್ಚುಕಟ್ಟು’ ಎಂಬುದು ಬಿಡಿಬಿಡಿಯಾಗಿ ಕಾಣಿಸುತ್ತದೆ. ಮೊದಲೇ ಒಂದು ಸಾಲು ಬರೆದು ಪರೀಕ್ಷಿಸಿ. ಕೋಲಾರದ ಕನ್ನಡದಲ್ಲಿ ತೆಲುಗು ಧಾರಾಳವಾಗಿ ಬೆರೆತಿರುವುದರಿಂದ ಧಾರವಾಡದವರಿಗೂ ಕನ್ನಡದ ಸಬ್‌ಟೈಟಲ್ ಬೇಕಾಗಬಹುದು. ಸಂಗೀತದ ಬಗ್ಗೆ ಒಂದೇ ಮಾತು: ಹಳೆಯ ಸಿನಿಮಾ ಹಾಡನ್ನು ಹಾಕಿಕೊಳ್ಳಬೇಡಿ. ಧ್ವನಿಮುದ್ರಣದ ಹಕ್ಕು ಪ್ರಕಟವಾದ 60 ವರ್ಷಗಳಿಗೆ ಮುಗಿದರೂ, ಸಾಹಿತ್ಯ ಮತ್ತು ಸಂಗೀತದ ಹಕ್ಕು ಅವನ್ನು ರಚಿಸಿದವರು ತೀರಿಕೊಂಡ ನಂತರವೂ 60 ವರ್ಷ ಉಳಿಯುತ್ತದೆ.

ಇನ್ನು ತೋರಿಸುವ ಬಗೆ. 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಸಾರ್ವಜನಿಕ ಪ್ರದರ್ಶನಕ್ಕೆ ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ ಬೇಕು. ಮಂಡಳಿಯ ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲಿದೆ, ಅರ್ಜಿಯನ್ನು ಆನ್‌ಲೈನಿನಲ್ಲಿ ಸಲ್ಲಿಸಬಹುದು. ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗೆ ಕಳುಹಿಸುವುದಾದರೂ ಈ ಪ್ರಮಾಣಪತ್ರ ಅಗತ್ಯ. ಚಿತ್ರೋತ್ಸವಗಳು ವಾರ್ತಾ ಮತ್ತು ಪ್ರಸಾರ ಸಚಿವಾಲಯದಿಂದ ಇದಕ್ಕೆ ವಿನಾಯಿತಿ ಪಡೆಯುತ್ತವೆ. 2004ರ ಮುಂಬೈ ಚಿತ್ರೋತ್ಸವದಲ್ಲಿ ಭಾರತೀಯ ಚಿತ್ರಗಳಿಗೆ ಮಾತ್ರ ಈ ಪ್ರಮಾಣಪತ್ರ ಕಡ್ಡಾಯವೆಂದಾಗ ನಿರ್ದೇಶಕರು ಪ್ರತಿಭಟಿಸಿ, ‘ವಿಕಲ್ಪ್’ ಹೆಸರಿನಲ್ಲಿ ತಮ್ಮದೇ ಪರ್ಯಾಯ ಪ್ರದರ್ಶನ ನಡೆಸಿದ್ದರು. ಉತ್ಸವಗಳ ಪೈಕಿ ತಿರುವನಂತಪುರದಲ್ಲಿ ನಡೆಯುವ ಕೇರಳದ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರೋತ್ಸವ ನಮಗೆ ಹತ್ತಿರದ್ದು. ಕೆಲವು ಉತ್ಸವಗಳು ಮೊದಲೇ ಇಂಟರ್‌ನೆಟ್ಟಿಗೆ ಏರಿದ ಚಿತ್ರವನ್ನು ತೆಗೆದುಕೊಳ್ಳುವುದಿಲ್ಲವಾದ್ದರಿಂದ ಯೂಟ್ಯೂಬ್ ಕೊನೆಯಲ್ಲಿರಲಿ.

ಊರಿನ ಪ್ರದರ್ಶನ ಎಲ್ಲಕ್ಕಿಂತ ಮೊದಲು ನಡೆಯಬೇಕು. ಈ ದಾರಿ ಹೊಸದಲ್ಲ: ಹೆಗ್ಗೋಡಿನ ನೀನಾಸಂ 1970ರ ದಶಕದಿಂದಲೇ ಜಗತ್ತಿನ ಚಿತ್ರಗಳನ್ನು ಹಳ್ಳಿಯ ಪ್ರೇಕ್ಷಕರ ಮುಂದಿಟ್ಟಿತು, 1980ರ ದಶಕದಲ್ಲಿ ಕೇರಳದ ಒಡೆಸ್ಸಾ ಬಳಗ ಊರೂರಿಗೆ ಪ್ರೊಜೆಕ್ಟರ್ ಹೊತ್ತೊಯ್ದು, ಚಿತ್ರ ತೋರಿಸಿ, ಚಿತ್ರ ಮಾಡುವ ಹಣವನ್ನೂ ಜನರಿಂದಲೇ ಕೂಡಿಸಿತು. ಕತ್ತಲಾದ ಮೇಲೆ ಶಾಲೆಯ ಅಂಗಳದಲ್ಲಿ ಒಂದು ಬಿಳಿ ಪಂಚೆಯನ್ನು ನಾಲ್ಕೂ ಮೂಲೆ ಬಿಗಿದು ಕಟ್ಟಿ, 3000 ಲ್ಯೂಮೆನ್‌ನ ಪ್ರೊಜೆಕ್ಟರನ್ನು ಬಾಡಿಗೆಗೆ ತನ್ನಿ. ಭಜನೆಗೆ ಬಳಸುವ ಸ್ಪೀಕರುಗಳು ಊರಿನಲ್ಲೇ ಸಿಗುತ್ತವೆ. ಲ್ಯಾಪ್‌ಟಾಪಿನ ಬ್ಯಾಟರಿ ತುಂಬಿರಲಿ, ಪ್ರೊಜೆಕ್ಟರಿಗೆ ಯುಪಿಎಸ್ ಇರಲಿ. ಚಿತ್ರದಲ್ಲಿರುವವರಿಗೆ ಹಿಂದಿನ ದಿನವೇ ಮನೆಯಲ್ಲಿ ಪೂರ್ತಿ ತೋರಿಸಿ, ಯಾವುದಾದರೂ ಮಾತನ್ನು ತೆಗೆಯಿರಿ ಎಂದರೆ ತೆಗೆಯಲು ಸಿದ್ಧರಾಗಿ ಹೋಗಿ.

ಹೊರಡುವಾಗ ಆ ಮನೆಗೊಂದು, ಪಂಚಾಯಿತಿಯ ಗ್ರಂಥಾಲಯಕ್ಕೊಂದು ಪೆನ್‌ಡ್ರೈವ್ ಕೊಟ್ಟುಬನ್ನಿ. ಸಬ್‌ಟೈಟಲನ್ನು ಚಿತ್ರದಲ್ಲೇ ಅಚ್ಚೊತ್ತಿ, 1080ಪಿ ಎಂಪಿ4 ಕಡತವಾಗಿ ಉಳಿಸಿ. ಹಳೆಯ ಟಿವಿಗಳು ಓದುವ ಫ್ಯಾಟ್32 ಮಾದರಿಯ ಪೆನ್‌ಡ್ರೈವಿಗೆ 4 ಜಿಬಿಗಿಂತ ದೊಡ್ಡ ಕಡತ ಹಿಡಿಸುವುದಿಲ್ಲ. ಸೆಕೆಂಡಿಗೆ 8 ಮೆಗಾಬಿಟ್ ಎಂದಿಟ್ಟರೆ ಅರ್ಧ ಗಂಟೆಯ ಚಿತ್ರ 2 ಜಿಬಿಯೊಳಗೇ ಮುಗಿಯುತ್ತದೆ. ಬರುವ ಮುನ್ನ ಅದನ್ನು ಅವರ ಟಿವಿಗೇ ಸಿಕ್ಕಿಸಿ ಒಮ್ಮೆ ಓಡಿಸಿ ನೋಡಿ.