ಮನೆಯಲ್ಲಿ ಇವಿ ಚಾರ್ಜ್ ಮಾಡೋಕೆ ಯಾವ ಮೀಟರ್? ಮೊದಲು 200 ಯೂನಿಟ್ ಲೆಕ್ಕ ಹಾಕಿ

ಬೆಂಗಳೂರಿನಲ್ಲಿ ಎಲೆಕ್ಟ್ರಿಕ್ ಗಾಡಿ ಬುಕ್ ಮಾಡಿದವರೆಲ್ಲ ಮೊದಲು ಕೇಳೋದು ಬೆಸ್ಕಾಂ ದರ ಯೂನಿಟ್ಟಿಗೆ ಎಷ್ಟು ಅಂತ. ಅದಕ್ಕೂ ಮುಂಚೆ ಒಂದು ವಿಷಯ ನೋಡಿಕೊಳ್ಳಿ. ನಿಮ್ಮ ಮನೆಗೆ ಗೃಹಜ್ಯೋತಿ ಇದೆಯಾ? ಇದ್ದರೆ, ಗಾಡಿ ಬಂದ ಮೇಲೂ ತಿಂಗಳ ಬಳಕೆ 200 ಯೂನಿಟ್ ಒಳಗೆ ನಿಲ್ಲುತ್ತಾ? ಯಾವ ಮೀಟರ್ ಬೇಕು ಅನ್ನೋದು ಮುಖ್ಯವಾಗಿ ಇದರ ಮೇಲೆ ನಿಂತಿದೆ.

ನಿಮ್ಮ ಮುಂದೆ ಇರೋದು ಎರಡು ದಾರಿ. ಈಗಿರುವ ಮನೆ ಮೀಟರಿನಿಂದಲೇ ಚಾರ್ಜ್ ಮಾಡಬಹುದು, ಇಲ್ಲವಾದರೆ ಇವಿಗೆ ಅಂತಲೇ ಬೇರೆ ಕನೆಕ್ಷನ್ ತಗೊಳ್ಳಬಹುದು. ರಾತ್ರಿ ಚಾರ್ಜ್ ಮಾಡಿದರೆ ಅಗ್ಗ ಅಂತ ಹೊರದೇಶದ ವಿಡಿಯೋಗಳಲ್ಲಿ ಹೇಳುತ್ತಾರಲ್ಲ, ಅದು ನಮ್ಮ ಮನೆ ಬಿಲ್ಲಿಗೆ ಅನ್ವಯಿಸುವುದಿಲ್ಲ. ನಮ್ಮಲ್ಲಿ ಗೃಹಬಳಕೆಗೆ ಹಗಲೂ ರಾತ್ರಿಯೂ ಒಂದೇ ದರ. 2024ರ ಏಪ್ರಿಲ್‌ನಲ್ಲಿ ಬಳಕೆ ಏರಿದಂತೆ ದರವೂ ಏರುವ ಸ್ಲ್ಯಾಬ್ ತೆಗೆದು ಎಲ್ಲ ಯೂನಿಟ್ಟಿಗೂ 5.90 ರೂಪಾಯಿ ಮಾಡಿದರು. 2025-26ಕ್ಕೆ ಅದು 5.80 ಆಯಿತು, ಆದರೆ ಪಿಂಚಣಿ ಮತ್ತು ಗ್ರಾಚ್ಯುಯಿಟಿ ಸರ್‌ಚಾರ್ಜ್ ಅಂತ 36 ಪೈಸೆ ಸೇರಿತು. ಶೇ. 9ರ ತೆರಿಗೆಯೂ ಸೇರಿದರೆ ಯೂನಿಟ್ಟಿಗೆ ಸುಮಾರು 6.70 ಬೀಳುತ್ತಿತ್ತು. ಇದರ ಮೇಲೆ ಮಂಜೂರಾದ ಲೋಡಿನ (ಮನೆ ಒಮ್ಮೆಗೇ ಎಳೆಯಬಹುದು ಅಂತ ಬೆಸ್ಕಾಂ ಒಪ್ಪಿದ ಕರೆಂಟ್) ಪ್ರತಿ ಕಿಲೋವ್ಯಾಟ್‌ಗೆ 145 ರೂಪಾಯಿ ಫಿಕ್ಸೆಡ್ ಚಾರ್ಜ್, ಅಂದರೆ ಕರೆಂಟ್ ಬಳಸದಿದ್ದರೂ ಕಟ್ಟುವ ಹಣ, ಇತ್ತು. ದರ ಏಪ್ರಿಲ್‌ನಲ್ಲಿ ಬದಲಾಗುತ್ತಿರುತ್ತದೆ, ಕೆಳಗಿನ ಲೆಕ್ಕ 2025-26ರ ದರದ್ದು, ಹಾಗಾಗಿ ಅದಕ್ಕೆ ನಿಮ್ಮ ಕೊನೆಯ ಬಿಲ್ಲಿನ ಅಂಕಿಗಳನ್ನೇ ಹಾಕಿಕೊಳ್ಳಿ.

ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. 2022-23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಎಷ್ಟಿತ್ತೋ ಅದರ ಮೇಲೆ ಶೇ. 10 ಸೇರಿಸಿದರೆ ಬರೋದೇ ಸಾಮಾನ್ಯವಾಗಿ ನಿಮ್ಮ ಉಚಿತ ಪಾಲು. ಅದನ್ನು ದಾಟಿ 200ರ ಒಳಗಿದ್ದರೆ ಹೆಚ್ಚುವರಿ ಯೂನಿಟ್ಟಿಗೆ ಮಾತ್ರ ದುಡ್ಡು. 200 ದಾಟಿದರೆ ಮಾತ್ರ ಆ ತಿಂಗಳ ಪೂರ್ತಿ ಬಿಲ್ ನಿಮ್ಮದೇ.

ಒಂದು ಮನೆ ತಗೊಳ್ಳೋಣ. ಆಗಿನ ಸರಾಸರಿ 120, ಅಂದರೆ ಉಚಿತ ಪಾಲು 132. ಈಗಿನ ಬಳಕೆ 130, ಬಿಲ್ ಸೊನ್ನೆ. ಈ ಮನೆಗೆ ಸ್ಕೂಟರ್ ಬಂತು ಅಂತಿಟ್ಟುಕೊಳ್ಳಿ. ದಿನಕ್ಕೆ 30 ಕಿಲೋಮೀಟರ್ ಓಡಿದರೆ, ಚಾರ್ಜಿಂಗ್‌ನಲ್ಲಿ ಸೋರುವುದೂ ಸೇರಿ, ತಿಂಗಳಿಗೆ ಸುಮಾರು 35 ಯೂನಿಟ್. ಒಟ್ಟು 165, ಹೆಚ್ಚುವರಿ 33 ಯೂನಿಟ್ಟಿಗೆ 220 ರೂಪಾಯಿ ಆಸುಪಾಸು. ಇದಕ್ಕೆ ಬೇರೆ ಮೀಟರ್ ಖಂಡಿತ ಬೇಡ.

ಕಾರು ಬಂದರೆ ಲೆಕ್ಕವೇ ಬೇರೆ. ತಿಂಗಳಿಗೆ 1,000 ಕಿಲೋಮೀಟರ್‌ಗೆ ಸುಮಾರು 160 ಯೂನಿಟ್ ಬೇಕು. ಒಟ್ಟು 290 ಆಯಿತು, ಗೃಹಜ್ಯೋತಿ ಆ ತಿಂಗಳು ಹೋಯಿತು. 3 ಕಿಲೋವ್ಯಾಟ್ ಲೋಡಿನ ಮನೆಗೆ ಫಿಕ್ಸೆಡ್ ಚಾರ್ಜ್ ಸೇರಿ ಹೆಚ್ಚುಕಡಿಮೆ 2,370 ರೂಪಾಯಿ ಬಿಲ್. ಅದೇ 160 ಯೂನಿಟ್ ಇವಿ ಮೀಟರಿನಲ್ಲಿ ಬಿದ್ದರೆ, 4.50ರ ಇವಿ ದರದಲ್ಲಿ, ಆ ಮೀಟರಿನ ಫಿಕ್ಸೆಡ್ ಚಾರ್ಜ್, ತೆರಿಗೆ ಎಲ್ಲ ಸೇರಿ, 1,100 ಆಸುಪಾಸಿಗೆ ಮುಗಿಯುತ್ತದೆ, ಮನೆ ಬಿಲ್ ಸೊನ್ನೆಯಲ್ಲೇ ಉಳಿಯುತ್ತದೆ. ಇಂಥ ಮನೆಯವರು ಬೇರೆ ಮೀಟರ್ ಹಾಕಿಸಿಕೊಳ್ಳಲೇಬೇಕು ಅನ್ನುತ್ತೇನೆ.

ಗೃಹಜ್ಯೋತಿ ಇಲ್ಲದ ಮನೆಯಾದರೆ? ಆ 160 ಯೂನಿಟ್ಟಿಗೆ ಮನೆ ಮೀಟರಿನಲ್ಲೇ 1,070 ರೂಪಾಯಿ ಆಗುತ್ತೆ. ಇವಿ ಮೀಟರಿನಲ್ಲೂ ಅಷ್ಟೇ, ಯಾಕೆಂದರೆ ಯೂನಿಟ್ ದರದಲ್ಲಿ ಉಳಿದದ್ದನ್ನು ಎರಡನೇ ಫಿಕ್ಸೆಡ್ ಚಾರ್ಜ್ ತಿಂದುಹಾಕುತ್ತದೆ. ತಿಂಗಳಿಗೆ 2,000 ಕಿಲೋಮೀಟರ್ ಓಡಿಸುವವರಿಗೆ, ಇಲ್ಲಾ ಮನೆಯಲ್ಲಿ ಎರಡು ಕಾರು ಇರುವವರಿಗೆ ಬೇರೆ ಮೀಟರ್ ಲಾಭ. ಉಳಿದವರು ಸುಮ್ನೆ ಮನೆ ಮೀಟರಿನಲ್ಲೇ ಇರಿ.

ಬೇರೆ ಕನೆಕ್ಷನ್‌ನ ಖರ್ಚೂ ಗೊತ್ತಿರಲಿ. 2025ರ ಫೆಬ್ರವರಿಯಿಂದ ಹೊಸ ಕನೆಕ್ಷನ್‌ಗೆ ಸ್ಮಾರ್ಟ್ ಮೀಟರ್ ಕಡ್ಡಾಯ. ಸಾದಾ ಸಿಂಗಲ್ ಫೇಸ್ ಮೀಟರ್‌ಗೆ 5,000 ರೂಪಾಯಿ ಹತ್ತಿರ, ತ್ರೀ ಫೇಸ್‌ಗೆ 28,000ದಷ್ಟು. ಜೊತೆಗೆ ಡೆಪಾಸಿಟ್, ವೈರಿಂಗ್. ಇವಿಗೆ ಪ್ರತ್ಯೇಕ ಕನೆಕ್ಷನ್ ಕೇಳುವ ಹಕ್ಕು 2024ರ ಫೆಬ್ರವರಿಯ ಕೇಂದ್ರ ನಿಯಮದಲ್ಲೇ ಇದೆ, ಮಹಾನಗರಗಳಲ್ಲಿ 3 ದಿನದಲ್ಲಿ ಹೊಸ ಕನೆಕ್ಷನ್ ಕೊಡಬೇಕು ಅಂತಲೂ ಇದೆ. ಆದರೆ 2024ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಇಲ್ಲಿ ಹೊಸ ಕನೆಕ್ಷನ್‌ಗೆ ಹಲವು ಕಟ್ಟಡಗಳ ವಿಷಯದಲ್ಲಿ ಓಸಿ (ಕಟ್ಟಡ ವಾಸಕ್ಕೆ ಸರಿಯಿದೆ ಅಂತ ಪಾಲಿಕೆ ಕೊಡುವ ಪತ್ರ) ಕೇಳುತ್ತಾರೆ. ಹಾಗಾಗಿ ಕಾರಿಗೆ ಅಡ್ವಾನ್ಸ್ ಕೊಡುವ ಮೊದಲೇ ಕಾಗದಪತ್ರ ತೆಗೆದು ನೋಡಿ. ಬಾಡಿಗೆ ಮನೆಯಾದರೆ ಓನರ್ ಒಪ್ಪಿಗೆ ಬೇಕೇಬೇಕು.

ಇನ್ನು ಲೋಡ್. ಶೋರೂಮಿನವರು 7.2 ಕಿಲೋವ್ಯಾಟ್ ಚಾರ್ಜರ್ ಹಾಕಿಸಿ ಅನ್ನುತ್ತಾರೆ. ಅದರ ಹಿಂದೆಯೇ ಲೋಡ್ ಏರಿಸುವುದು, ತ್ರೀ ಫೇಸ್ ಎಲ್ಲ ಬರುತ್ತದೆ. 3 ಕಿಲೋವ್ಯಾಟ್ ಏರಿಸಿದರೂ ಗಾಡಿ ಓಡಲಿ ಬಿಡಲಿ ತಿಂಗಳಿಗೆ 435 ರೂಪಾಯಿ ಜಾಸ್ತಿ. ನಗರದೊಳಗೆ ದಿನಕ್ಕೆ 35-40 ಕಿಲೋಮೀಟರ್ ಓಡಿಸುವವರಿಗೆ 3.3 ಕಿಲೋವ್ಯಾಟ್‌ನ ಚಾರ್ಜರ್ ಸಾಕು. ಎರಡು ಗಂಟೆಯಲ್ಲಿ ಅಷ್ಟು ತುಂಬುತ್ತದೆ. ಬೆಳಗ್ಗೆ ಆರೂವರೆಗೆ ನೋಡಿ: 2 ಕಿಲೋವ್ಯಾಟ್ ಗೀಸರ್, ಅಡುಗೆಮನೆಯಲ್ಲಿ ಇಂಡಕ್ಷನ್ ಸ್ಟವ್, ಕೆಳಗೆ ಕಾರು. ಎಲ್ಲ ಸೇರಿ 6 ಕಿಲೋವ್ಯಾಟ್ ಮೀರುತ್ತದೆ, ಎಂಸಿಬಿ (ಲೋಡ್ ಮೀರಿದರೆ ಕರೆಂಟ್ ಕಡಿಯುವ ಸ್ವಿಚ್) ಟಪ್ ಅಂತ ಬೀಳುತ್ತದೆ. ದರ ಒಂದೇ ಆದರೂ ಚಾರ್ಜಿಂಗನ್ನು ರಾತ್ರಿ 11ರ ಮೇಲಕ್ಕೆ ಟೈಮರ್ ಹಾಕಿಡಿ ಅನ್ನೋದು ಇದಕ್ಕೇ. ಸಾಕೆಟ್‌ಗೆ ಬೇರೆಯದೇ ವೈರ್ ಎಳೆಸಿ, ಅರ್ಥಿಂಗ್ ಚೆಕ್ ಮಾಡಿಸಿ. ಇದರಲ್ಲಿ ದುಡ್ಡು ಉಳಿಸಬೇಡಿ.

ಅಪಾರ್ಟ್‌ಮೆಂಟ್ ಆದರೆ ಮೀಟರ್ ರೂಮಿನಿಂದ ನಿಮ್ಮ ಪಾರ್ಕಿಂಗ್‌ವರೆಗೆ ಕೇಬಲ್ ಎಷ್ಟು ಉದ್ದ ಬೇಕು ಅಂತ ಎಲೆಕ್ಟ್ರಿಷಿಯನ್ ಹತ್ತಿರ ಅಳೆಸಿ. ಕೆಲವೊಮ್ಮೆ ಕೇಬಲ್ಲಿನ ಖರ್ಚೇ ಮೀಟರಿಗಿಂತ ಜಾಸ್ತಿ. ಅಸೋಸಿಯೇಷನ್ ಕಾಮನ್ ಮೀಟರಿನಿಂದ ಸಬ್ ಮೀಟರ್ ಹಾಕಿ ಕೊಡುತ್ತೇವೆ ಅಂದರೆ ಒಳ್ಳೆಯದೇ, ಆದರೆ ಯೂನಿಟ್ಟಿಗೆ ಎಷ್ಟು ಹಾಕುತ್ತಾರೆ, ಜನರೇಟರ್ ಓಡುವಾಗ ಏನು ದರ ಅಂತ ಮೊದಲೇ ಬರೆಸಿಕೊಳ್ಳಿ. 8 ರೂಪಾಯಿ ಮೇಲೆ ಹೇಳಿದರೆ ನಿಮ್ಮ ಫ್ಲಾಟಿನ ಮೀಟರಿನಿಂದಲೇ ಕೇಬಲ್ ಎಳೆಸೋಕೆ ಪರ್ಮಿಷನ್ ಕೇಳಿ.