ಆಕ್ಚುರಿಯಲ್ ಸೈನ್ಸ್ ಆನರ್ಸ್ ಓದುವುದು ಹೇಗೆ: ಬಡ್ಡಿಯ ಗೆರೆಯಿಂದ ಕೊನೆಯ ಪ್ರಾಜೆಕ್ಟ್‌ವರೆಗೆ

ಆನರ್ಸ್ ಪದವಿ ಬೇರೆ, ಆಕ್ಚುರಿ (ವಿಮೆ, ಪಿಂಚಣಿಗಳ ಅಪಾಯವನ್ನು ಲೆಕ್ಕ ಹಾಕುವ ತಜ್ಞ) ಆಗುವುದು ಬೇರೆ. ಪದವಿ ಕೊಡುವುದು ವಿಶ್ವವಿದ್ಯಾಲಯ. ಆಕ್ಚುರಿ ಎಂದು ಸಹಿ ಹಾಕುವ ಅರ್ಹತೆ ಕೊಡುವುದು ವೃತ್ತಿ ಸಂಸ್ಥೆ: ಭಾರತದಲ್ಲಿ 2006ರ ಆಕ್ಚುರೀಸ್ ಕಾಯ್ದೆಯಡಿಯ ಇನ್‌ಸ್ಟಿಟ್ಯೂಟ್ ಆಫ್ ಆಕ್ಚುರೀಸ್ ಆಫ್ ಇಂಡಿಯಾ, ಬ್ರಿಟನ್ನಿನಲ್ಲಿ ಇನ್‌ಸ್ಟಿಟ್ಯೂಟ್ ಅಂಡ್ ಫ್ಯಾಕಲ್ಟಿ ಆಫ್ ಆಕ್ಚುರೀಸ್. ಎರಡನ್ನೂ ಜೊತೆಯಲ್ಲೇ ಸಾಗಿಸಬೇಕೆಂದರೆ ಮೊದಲು ಮಾಡಬೇಕಾದ್ದು, ಕಾಲೇಜಿನ ಪಠ್ಯಕ್ರಮವನ್ನೂ ವೃತ್ತಿ ಸಂಸ್ಥೆಯ ಪಠ್ಯಕ್ರಮವನ್ನೂ ಅಕ್ಕಪಕ್ಕ ಇಟ್ಟುಕೊಂಡು ಯಾವ ಪೇಪರಿಗೆ ಯಾವ ಸೆಮಿಸ್ಟರ್ ಹೊಂದುತ್ತದೆ ಎಂದು ಗುರುತು ಹಾಕುವುದು.

ವೃತ್ತಿ ಸಂಸ್ಥೆಯ ಆರಂಭದ ಪೇಪರುಗಳು ಇವು. ಸಿಎಸ್1 ಮತ್ತು ಸಿಎಸ್2 ಸಂಖ್ಯಾಶಾಸ್ತ್ರದವು, ಸಿಎಂ1 ಮತ್ತು ಸಿಎಂ2 ಆಕ್ಚುರಿಯಲ್ ಗಣಿತದವು, ಸಿಬಿ1 ಹಣಕಾಸಿನದು, ಸಿಬಿ2 ಅರ್ಥಶಾಸ್ತ್ರದ್ದು. ಮೊದಲ ವರ್ಷ ಕ್ಯಾಲ್ಕುಲಸ್ ಮತ್ತು ಸಂಭವನೀಯತೆ ಗಟ್ಟಿಯಾಗುವ ತನಕ ಸಿಬಿ ಪೇಪರುಗಳನ್ನು ಬರೆಯಬಹುದು. ಎರಡನೇ ವರ್ಷ ಸಿಎಸ್1, ಸಿಎಂ1. ಸಿಎಸ್2 ಮತ್ತು ಸಿಎಂ2 ಎರಡನ್ನೂ ಒಂದೇ ಬಾರಿಗೆ, ಅದೂ ಸೆಮಿಸ್ಟರ್ ಪರೀಕ್ಷೆಯ ಆಸುಪಾಸಿನಲ್ಲಿ, ಹೆಗಲಿಗೆ ಹಾಕಿಕೊಳ್ಳಬೇಡಿ. ಆದರೆ ಸಿಎಸ್2ರಲ್ಲಿ ಬರುವ ಮಾರ್ಕೋವ್ ಪ್ರಕ್ರಿಯೆಯ (ಮುಂದಿನ ಸ್ಥಿತಿ ಈಗಿನ ಸ್ಥಿತಿಯನ್ನಷ್ಟೇ ಅವಲಂಬಿಸುವ ಮಾದರಿ) ಭಾಗವನ್ನು ಸಿಎಂ1 ಓದುವಾಗಲೇ ನೋಡಿಬಿಡಿ. ಆರೋಗ್ಯ, ಅನಾರೋಗ್ಯ, ಸಾವು ಎಂಬ ಮೂರು ಸ್ಥಿತಿಗಳ ಮಾದರಿ ಎರಡರಲ್ಲೂ ಬರುತ್ತದೆ. ಒಂದೇ ಓದಿಗೆ ಎರಡು ಫಲ.

ಕೆಲವು ಕೋರ್ಸುಗಳಿಂದ ವೃತ್ತಿ ಪೇಪರುಗಳಿಗೆ ವಿನಾಯಿತಿ ಸಿಗುತ್ತದೆ, ಬ್ರಿಟನ್ನಿನಲ್ಲಿ ಇದು ರೂಢಿ. ಸೇರುವ ಮುನ್ನ ಎರಡು ಸಂಗತಿ ಕೇಳಿ: ಯಾವ ಪೇಪರಿಗೆ ಯಾವ ವಿಷಯ, ಮತ್ತು ಎಷ್ಟು ಅಂಕ ಬೇಕು. ಕಾಲೇಜಿನಲ್ಲಿ ಪಾಸಾಗುವ ಅಂಕ ವಿನಾಯಿತಿಗೆ ಸಾಮಾನ್ಯವಾಗಿ ಸಾಲುವುದಿಲ್ಲ. ಇದು ಗೊತ್ತಾಗುವುದು ಕೊನೆಯ ವರ್ಷದಲ್ಲಾದರೆ ಏನೂ ಮಾಡಲಾಗದು.

ಇನ್ನು ಓದಿನ ವಿಷಯ. ಸಿಎಂ1ರಲ್ಲಿ ಸೂತ್ರ ಬಾಯಿಪಾಠ ಮಾಡುವವರು ಎಡವುವುದು ಬಡ್ಡಿಯಲ್ಲೇ. ಪ್ರತಿ ಲೆಕ್ಕಕ್ಕೂ ಮೊದಲು ಒಂದು ಅಡ್ಡಗೆರೆ ಎಳೆಯಿರಿ. ಯಾವ ಹಣ ಯಾವ ದಿನ ಬರುತ್ತದೆ, ಯಾವುದು ಹೋಗುತ್ತದೆ ಎಂದು ಅದರ ಮೇಲೆ ಬರೆಯಿರಿ. ಆಮೇಲೆ ಬಡ್ಡಿದರ ಯಾವ ಬಗೆಯದು ನೋಡಿ. 10 ಲಕ್ಷ ರೂಪಾಯಿ ಸಾಲ, 20 ವರ್ಷ, ಶೇ 9. ಬ್ಯಾಂಕಿನವರು ಮಾಡುವಂತೆ 9ನ್ನು 12ರಿಂದ ಭಾಗಿಸಿ ತಿಂಗಳಿಗೆ ಶೇ 0.75 ಹಿಡಿದರೆ ಕಂತು 8,997 ರೂಪಾಯಿ. ಅದೇ 9 ಎಫೆಕ್ಟಿವ್ ದರ (ಚಕ್ರಬಡ್ಡಿ ಸೇರಿ ಇಡೀ ವರ್ಷಕ್ಕೆ ಆಗುವ ದರ) ಎಂದು ಪ್ರಶ್ನೆಯಲ್ಲಿದ್ದರೆ ತಿಂಗಳ ದರ ಶೇ 0.7207, ಕಂತು ಸುಮಾರು 8,773. ತಿಂಗಳಿಗೆ 224 ರೂಪಾಯಿ ವ್ಯತ್ಯಾಸ, ಅದೂ ಒಂದೇ ಒಂದು ಪದ ಓದದೆ ಬಿಟ್ಟಿದ್ದಕ್ಕೆ.

ಜೀವವಿಮೆಯ ಭಾಗಕ್ಕೆ ಬಂದಾಗ ಆ ಅಡ್ಡಗೆರೆಯ ಮೇಲೆ ಬದುಕುಳಿಯುವ ಸಂಭವನೀಯತೆಯೂ ಕೂರುತ್ತದೆ, ಅಷ್ಟೇ. ಪರೀಕ್ಷೆಗೆ ಕೊಡುವ ಕೋಷ್ಟಕ ಪುಸ್ತಕದಲ್ಲಿ ಯಾವ ವಯಸ್ಸಿನಲ್ಲಿ ಸಾಯುವ ಸಂಭವ ಎಷ್ಟು ಎಂದು ಹೇಳುವ ಎಎಂ92 ಎಂಬ ಮರಣ ಕೋಷ್ಟಕವಿದೆ. 40 ವರ್ಷದವನಿಗೆ 10 ಲಕ್ಷದ ಆಜೀವ ಪಾಲಿಸಿ (ಯಾವಾಗ ಸತ್ತರೂ ಹಣ ಸಿಗುವಂಥದ್ದು), ಸತ್ತ ವರ್ಷದ ಕೊನೆಗೆ ಹಣ, ಪ್ರತಿ ವರ್ಷದ ಆರಂಭದಲ್ಲಿ ಪ್ರೀಮಿಯಂ, ಬಡ್ಡಿ ಶೇ 4, ಖರ್ಚು ಸೊನ್ನೆ. ಕೋಷ್ಟಕದ ಪ್ರಕಾರ 1 ರೂಪಾಯಿ ವಿಮೆಯ ಇಂದಿನ ಬೆಲೆ 0.23056, ವರ್ಷಾರಂಭದ ಆನ್ಯುಯಿಟಿ (ಬದುಕಿರುವವರೆಗೆ ಪ್ರತಿ ವರ್ಷದ ಆರಂಭದಲ್ಲಿ ಬರುವ 1 ರೂಪಾಯಿಯ ಇಂದಿನ ಬೆಲೆ), ಅಂದರೆ ಎ-ಡ್ಯೂ, 20.005. ಹಾಗಾಗಿ ಪ್ರೀಮಿಯಂ 2,30,560 ಭಾಗಿಸು 20.005, ಅಂದರೆ 11,525 ರೂಪಾಯಿ.

ಎ-ಡ್ಯೂ ಬದಲು ವರ್ಷಾಂತ್ಯದ ಆನ್ಯುಯಿಟಿ ತೆಗೆದುಕೊಂಡರೆ ಛೇದ 19.005 ಆಗಿ 12,132 ಬರುತ್ತದೆ. ಮೊದಲ ಕಂತು ಪಾಲಿಸಿ ಕೊಡುವ ದಿನವೇ ಕೈಸೇರುತ್ತದೆ ಎಂಬುದು ಗೆರೆಯ ಮೇಲೆ ಇದ್ದಿದ್ದರೆ ಈ ತಪ್ಪು ಆಗುತ್ತಿರಲಿಲ್ಲ. ಇನ್ನೊಂದು ಸೂಕ್ಷ್ಮ: ವಯಸ್ಸು ಚೌಕಾಕಾರದ ಕಂಸದಲ್ಲಿದ್ದರೆ ಅದು ಸೆಲೆಕ್ಟ್ ವಯಸ್ಸು, ಅಂದರೆ ಈಗಷ್ಟೇ ವೈದ್ಯಕೀಯ ತಪಾಸಣೆ ಮುಗಿಸಿ ಪಾಲಿಸಿ ಪಡೆದವನು. ಎಎಂ92ರಲ್ಲಿ ಆ ಲಾಭ ಎರಡು ವರ್ಷ ಮಾತ್ರ. ಈ ಲೆಕ್ಕದಲ್ಲಿ ಅದರಿಂದ ಸುಮಾರು ಹತ್ತು ರೂಪಾಯಿ ಇಳಿಯಬಹುದು. ಮೊತ್ತ ಸಣ್ಣದು, ಆದರೆ ತಪ್ಪು ಕಾಲಂ ನೋಡಿದ್ದೀರಿ ಎಂಬುದು ಪರೀಕ್ಷಕರ ಕಣ್ಣಿಗೆ ಬೀಳುತ್ತದೆ.

ಇದೇ ಪಾಲಿಸಿಗೆ ಹತ್ತು ವರ್ಷದ ನಂತರ ಮೀಸಲು, ಅಂದರೆ ಮುಂದಿನ ಪಾವತಿಗಾಗಿ ಕಂಪನಿ ಎತ್ತಿಡಬೇಕಾದ ಹಣ, ಎಷ್ಟು? ಇಲ್ಲಿ ಒಂದು ಅಭ್ಯಾಸ ಬೆಳೆಸಿಕೊಳ್ಳಿ: ಒಂದೇ ಉತ್ತರವನ್ನು ಎರಡು ದಾರಿಯಲ್ಲಿ ತೆಗೆಯಿರಿ. ಮುಂದೆ ಕೊಡಬೇಕಾದದ್ದರಿಂದ ಮುಂದೆ ಬರಬೇಕಾದದ್ದನ್ನು ಕಳೆದರೆ, ಕೋಷ್ಟಕದ 50ನೇ ವಯಸ್ಸಿನ ಬೆಲೆಗಳ ಪ್ರಕಾರ, 3,29,070ರಿಂದ 11,525.1 ಗುಣಿಸು 17.444 ಕಳೆದು 1,28,026 ರೂಪಾಯಿ. ಎ-ಡ್ಯೂಗಳ ಅನುಪಾತದ ದಾರಿಯಲ್ಲಿ, ಒಂದರಿಂದ 17.444 ಭಾಗಿಸು 20.005 ಕಳೆದು 10 ಲಕ್ಷದಿಂದ ಗುಣಿಸಿದರೆ, 1,28,018. ಎಂಟು ರೂಪಾಯಿಯ ಅಂತರ ಕೋಷ್ಟಕದ ದಶಾಂಶಗಳನ್ನು ಕತ್ತರಿಸಿದ್ದರಿಂದ ಬಂದದ್ದು, ಚಿಂತೆ ಬೇಡ. ಅಂತರ ಸಾವಿರಗಳಲ್ಲಿದ್ದರೆ ಹೆಚ್ಚಾಗಿ ವಯಸ್ಸು ತಪ್ಪಿರುತ್ತದೆ, 50ರ ಬದಲು 40ರ ಸಾಲು ನೋಡಿರುತ್ತೀರಿ.

ಸಿಎಸ್ ಮತ್ತು ಸಿಎಂ ಪೇಪರುಗಳಿಗೆ 2019ರ ಪಠ್ಯಕ್ರಮದಿಂದ ಎರಡೆರಡು ಭಾಗ. ಬರವಣಿಗೆಯ ‘ಎ’ ಭಾಗಕ್ಕೆ ಶೇ 70 ತೂಕ, ಕಂಪ್ಯೂಟರಿನ ‘ಬಿ’ ಭಾಗಕ್ಕೆ ಶೇ 30. ಸಿಎಂಗೆ ಎಕ್ಸೆಲ್, ಸಿಎಸ್‌ಗೆ ಆರ್ ಎಂಬ ಸಂಖ್ಯಾಶಾಸ್ತ್ರದ ಪ್ರೋಗ್ರಾಮಿಂಗ್ ಭಾಷೆ. ‘ಬಿ’ಯನ್ನು ಕೊನೆಯ ಮೂರು ವಾರಕ್ಕೆ ಇಟ್ಟುಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಇವತ್ತು ಕಾಗದದ ಮೇಲೆ ಪ್ರೀಮಿಯಂ ತೆಗೆದಿದ್ದರೆ ಇವತ್ತೇ ಎಕ್ಸೆಲ್‌ನಲ್ಲೂ ತೆಗೆಯಿರಿ. ಬಡ್ಡಿದರ, ವಯಸ್ಸು, ವಿಮಾ ಮೊತ್ತ ಒಂದೊಂದೂ ಒಂದೇ ಕೋಶದಲ್ಲಿರಲಿ, ಸೂತ್ರದೊಳಗೆ ಸಂಖ್ಯೆ ಹೂಳಬೇಡಿ. ಶೇ 4 ಅನ್ನು 6ಕ್ಕೆ ಬದಲಿಸಿದಾಗ ಇಡೀ ಹಾಳೆ ಬದಲಾಗಬೇಕು. ಕೋಶವನ್ನು ಕದಲದಂತೆ ಹಿಡಿಯುವ ಡಾಲರ್ ಗುರುತು ಹಾಕದೆ ಸೂತ್ರ ಕೆಳಗೆ ಎಳೆದು, ಬಡ್ಡಿಯ ಕೋಶವೂ ಒಂದೊಂದು ಸಾಲು ಜಾರಿ, ಎಲ್ಲ ಸೊನ್ನೆ ದರದಲ್ಲಿ ಲೆಕ್ಕವಾಗುವುದು ಪರೀಕ್ಷೆಯ ಹಾಲಿನಲ್ಲೇ ನಡೆಯುವ ದುರಂತ.

ಆರ್‌ನಲ್ಲಿ ಮುಖ್ಯವಾಗಿ ಎಡವಿಸುವುದು ಪ್ಯಾರಾಮೀಟರುಗಳು. ಪುಸ್ತಕದಲ್ಲಿ ನಾರ್ಮಲ್ ಹಂಚಿಕೆ 100, 25 ಎಂದಿದ್ದರೆ 25 ವೇರಿಯನ್ಸ್. ಆರ್ ಕೇಳುವುದು ಅದರ ವರ್ಗಮೂಲವಾದ ಸ್ಟ್ಯಾಂಡರ್ಡ್ ಡೀವಿಯೇಶನ್, ಹಾಗಾಗಿ 5 ಕೊಡಬೇಕು. ಎಕ್ಸ್‌ಪೊನೆನ್ಷಿಯಲ್‌ಗೆ ಸರಾಸರಿ 500 ಇದ್ದರೆ ಕೊಡಬೇಕಾದ ರೇಟ್ 1 ಭಾಗಿಸು 500, ಅಂದರೆ 0.002. ಗ್ಯಾಮಾದಲ್ಲಿ ಹೆಸರು ಹೇಳದೆ ಎರಡನೇ ಪ್ಯಾರಾಮೀಟರ್ ಕೊಟ್ಟರೆ ಅದನ್ನು ಆರ್ ರೇಟ್ ಎಂದೇ ಹಿಡಿಯುತ್ತದೆ, ಸ್ಕೇಲ್ (ರೇಟಿನ ವಿಲೋಮ) ಎಂದಲ್ಲ. ಸಾವಿರ ಮಾದರಿ ತೆಗೆದು ಸರಾಸರಿ ನೋಡಿದರೆ ತಪ್ಪು ಅರ್ಧ ನಿಮಿಷದಲ್ಲಿ ಬಯಲಾಗುತ್ತದೆ. ಸಿಮ್ಯುಲೇಶನ್ ಮಾಡುವ ಮುನ್ನ ಸೀಡ್ (ಯಾದೃಚ್ಛಿಕ ಸಂಖ್ಯೆಗಳ ಸರಣಿಯನ್ನು ಶುರುಮಾಡುವ ಸಂಖ್ಯೆ) ಕೊಡಲು ಮರೆಯಬೇಡಿ, ಇಲ್ಲದಿದ್ದರೆ ನಿಮ್ಮ ಉತ್ತರ ಮತ್ತೆ ನಿಮಗೇ ಸಿಗದು.

‘ಎ’ ಪೇಪರಿನಲ್ಲಿ 100 ಅಂಕಕ್ಕೆ ಮೂರು ಗಂಟೆಗಿಂತ ಸ್ವಲ್ಪವೇ ಹೆಚ್ಚು ಸಮಯ. ಅಂಕಕ್ಕೆ ಹೆಚ್ಚುಕಡಿಮೆ ಎರಡು ನಿಮಿಷ. ಹತ್ತು ಅಂಕದ ಪ್ರಶ್ನೆ 20 ನಿಮಿಷ ದಾಟಿದರೆ ಅಲ್ಲಿಗೇ ಬಿಟ್ಟು ಮುಂದೆ ಹೋಗಿ. ಸಮೀಕರಣ, ಚಿಹ್ನೆಗಳ ಅರ್ಥ, ಊಹೆಗಳು ಬರೆದಿದ್ದರೆ ಕೊನೆಯ ಸಂಖ್ಯೆ ತಪ್ಪಿದರೂ ಅಂಕ ಉಳಿಯುತ್ತದೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಉತ್ತರ ಪಕ್ಕದಲ್ಲಿಟ್ಟುಕೊಂಡು ‘ಓದುವುದು’ ಅಭ್ಯಾಸವಲ್ಲ; ಗಡಿಯಾರ ಇಟ್ಟು ಬರೆಯುವುದೇ ಅಭ್ಯಾಸ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಹುಡುಗರು ದೊಡ್ಡ ವಿಷಯ ಹಿಡಿದು ದತ್ತಾಂಶ ಸಿಗದೆ ಒದ್ದಾಡುತ್ತಾರೆ. ದತ್ತಾಂಶ ಮೊದಲು, ವಿಷಯ ಆಮೇಲೆ. ಎಎಂ92 ತಯಾರಾದದ್ದು 1991–94ರಲ್ಲಿ ಬ್ರಿಟನ್ನಿನ ವಿಮೆದಾರ ಗಂಡಸರ ಅನುಭವದಿಂದ. ಭಾರತದ ವಿಮಾ ಕಂಪನಿಗಳ ಅನುಭವದ ಕೋಷ್ಟಕ ಐಎಎಲ್‌ಎಂ 2012–14. ಎರಡನ್ನೂ ಎದುರುಬದುರು ಇಟ್ಟು ಒಂದೇ ಪಾಲಿಸಿಯ ಪ್ರೀಮಿಯಂ ಎಷ್ಟು ಬದಲಾಗುತ್ತದೆ, ಯಾವ ವಯಸ್ಸಿನಲ್ಲಿ ಅಂತರ ಹಿಗ್ಗುತ್ತದೆ ಎಂದು ತೋರಿಸುವುದೇ ಒಂದು ಒಳ್ಳೆಯ ಪ್ರಾಜೆಕ್ಟ್. ಮುಂದಿನ ವರ್ಷಗಳ ಮರಣದರ ಅಂದಾಜು ಮಾಡಬೇಕೆಂದರೆ 1992ರ ಲೀ–ಕಾರ್ಟರ್ ಮಾದರಿ ಇದೆ. ಅದಕ್ಕೆ ವಯಸ್ಸು ಮತ್ತು ವರ್ಷ ಎರಡರ ಪ್ರಕಾರವೂ ದರ ಬೇಕು. ಹಲವು ದೇಶಗಳ ಮರಣದರಗಳಿರುವ ಹ್ಯೂಮನ್ ಮಾರ್ಟಾಲಿಟಿ ಡೇಟಾಬೇಸ್‌ನಲ್ಲಿ ಭಾರತ ಇಲ್ಲ, ಹಾಗಾಗಿ ಬೇರೆ ದೇಶದ ದತ್ತಾಂಶ ಆರಿಸಿಕೊಳ್ಳಬೇಕಾಗುತ್ತದೆ. ಮಾದರಿ ದರದ ಲಾಗ್ ತೆಗೆದುಕೊಳ್ಳುವುದರಿಂದ, ಸಣ್ಣ ದೇಶದ ಮಕ್ಕಳ ವಯೋಮಾನದಲ್ಲೋ ನೂರರ ಆಚೆಯೋ ಒಂದು ವರ್ಷ ಯಾರೂ ಸಾಯದೆ ಸೊನ್ನೆ ಬಂದಿದ್ದರೆ ಲೆಕ್ಕ ಅಲ್ಲೇ ನಿಲ್ಲುತ್ತದೆ. ವಯಸ್ಸುಗಳನ್ನು ಐದೈದು ವರ್ಷದ ಗುಂಪು ಮಾಡಿ, ತುದಿಯಲ್ಲಿ 95 ಮತ್ತು ಮೇಲ್ಪಟ್ಟು ಎಂದು ಮುಚ್ಚಿ, ಹಾಗೆ ಮಾಡಿದ್ದನ್ನು ವರದಿಯಲ್ಲಿ ಬರೆಯಿರಿ. ವೈವಾದಲ್ಲಿ ಮೊದಲು ಕೇಳುವುದು ಅದನ್ನೇ.